ಕಾಣದ ದಣಿವಿಗೆ ಸಾಕ್ಷಿ ಯಾರು?

ಈ ಲೇಖನವನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ಹಲವು ವರ್ಷಗಳ ಹಿಂದೆ ಅಂಕೋಲೆಯ ಕಡೆಯ ಒಂದು ಚಿಕ್ಕ ಧರ್ಮಕೇಂದ್ರದಲ್ಲಿ ನಾನು ಸೇವೆಯಲ್ಲಿದ್ದೆ. ಪ್ರತಿ ಶನಿವಾರ ಮುಂಜಾನೆ ದೇವಾಲಯವನ್ನು ಗುಡಿಸಿ ಒರೆಸುವ ಕೆಲಸವನ್ನು ಮನೆಯವರು ಸರದಿಯಂತೆ ಮಾಡುತ್ತಿದ್ದರು. ಮೀನು ಮಾರಿ ಸಂಸಾರ ತೂಗಿಸುತ್ತಿದ್ದ, ನಲವತ್ತರ ಆಸುಪಾಸಿನ ಒಬ್ಬ ತಾಯಿ ಸತತವಾಗಿ ಮೂರು ಸರದಿಗಳನ್ನು ತಪ್ಪಿಸಿದರು. ನಾಲ್ಕನೆಯ ಬಾರಿ ಅವರು ಎದುರಾದಾಗ ಹತ್ತು ಜನರ ಮುಂದೆ ನಾನು ವಿನೋದದ ಧಾಟಿಯಲ್ಲಿ, ವಾರವಿಡೀ ಪೇಟೆಯಲ್ಲಿ ಬುಟ್ಟಿ ಹೊತ್ತು ತಿರುಗುವ ಕಾಲಿಗೆ ಶನಿವಾರ ಮಾತ್ರ ದೇವಾಲಯದ ಮೆಟ್ಟಿಲು ಎತ್ತರವಾಗುತ್ತದೆಯೋ ಎಂದು ಕೇಳಿಬಿಟ್ಟೆ. ಎಲ್ಲರೂ ನಕ್ಕರು. ಅವರೂ ನಕ್ಕರು.

ಎರಡು ದಿನಗಳ ನಂತರ ಅವರು ಗುರುನಿವಾಸಕ್ಕೆ ಬಂದು ಹೇಳಿದ ಮಾತು ಇಂದಿಗೂ ನನ್ನನ್ನು ಬಿಟ್ಟಿಲ್ಲ. "ಬಾವು ಬಂದರೆ ತೋರಿಸಬಹುದು ಫಾದರ್, ದಣಿವನ್ನು ಯಾರಿಗೆ ತೋರಿಸಲಿ? ರಾತ್ರಿಯಿಡೀ ಮಲಗಿದರೂ ಬೆಳಿಗ್ಗೆ ಏಳುವಾಗ ಕೊಡ ಬರಿದಾಗಿಯೇ ಇರುತ್ತದೆ. ನಾನು ಸೋಮಾರಿಯಾಗಿಬಿಟ್ಟೆ ಎಂದು ನನಗೇ ಅನ್ನಿಸುತ್ತದೆ. ಇದು ಪಾಪವೇ?" (ಇದನ್ನು ಅವರು ಪಾಪನಿವೇದನೆಯಲ್ಲಿ ಹೇಳಿದ್ದಲ್ಲ, ಜಗಲಿಯಲ್ಲಿ ಕುಳಿತು ಹೇಳಿದ್ದು; ಹೆಸರಿಲ್ಲದೆ ಬರೆಯಲು ಅವರ ಒಪ್ಪಿಗೆಯೂ ಇದೆ.) ಪ್ರಾರ್ಥನೆಯಿಂದ ಬಲ ದೊರೆಯುತ್ತದೆ ಎಂದು ನಾನು ಏನೋ ಸಮಾಧಾನ ಹೇಳಿ ಕಳುಹಿಸಿದೆ. ನಾನು ಹೇಳಿದ್ದು ಸುಳ್ಳಾಗಿರಲಿಲ್ಲ. ಆದರೆ ಅವರು ಕೇಳಿದ ಪ್ರಶ್ನೆಗೆ ಅದು ಉತ್ತರವಾಗಿರಲಿಲ್ಲ.

ಅವರಿಗೆ ಇದ್ದದ್ದು ರುಮಟಾಯ್ಡ್ ಸಂಧಿವಾತ ಎಂಬುದು ತಿಳಿಯಲು ಮುಂದೆ ಒಂದೂವರೆ ವರ್ಷ ಹಿಡಿಯಿತು. ಅಲ್ಲಿಯವರೆಗೆ ಮನೆಯವರು ಅದನ್ನು ಚಿಕೂನ್‌ಗುನ್ಯಾದ ಶೇಷ ಎಂದೇ ನಂಬಿದ್ದರು. 2006ರಲ್ಲಿ ಆ ಜ್ವರ ನಮ್ಮ ರಾಜ್ಯದಲ್ಲೆಲ್ಲ ಹಬ್ಬಿದ ಮೇಲೆ ಕೀಲು ಹಿಡಿದುಕೊಂಡ ಪ್ರತಿಯೊಬ್ಬರಿಗೂ ಅದೇ ಕಾರಣವೆಂದು ಹೇಳುವ ರೂಢಿ ಬಿದ್ದಿತ್ತು. ಚಿಕೂನ್‌ಗುನ್ಯಾದ ನೋವು ಕೆಲವರಲ್ಲಿ ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಉಳಿಯುವುದು ನಿಜ. ಆದರೆ ಎಲ್ಲವನ್ನೂ ಒಂದೇ ಹೆಸರಿನ ಕೆಳಗೆ ತಳ್ಳಿದಾಗ ಬೇರೊಂದು ರೋಗ ಸದ್ದಿಲ್ಲದೆ ಬೆಳೆಯುತ್ತದೆ.

ಈ ಸಂಧಿವಾತವನ್ನು ವಯಸ್ಸಾದಾಗ ಮೊಣಕಾಲು ಸವೆದು ಬರುವ ನೋವಿನೊಡನೆ ಬೆರೆಸಬಾರದು. ದೇಹವನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆಯೇ ದಾರಿತಪ್ಪಿ ಕೀಲುಗಳ ಒಳಪೊರೆಯ ಮೇಲೆ ದಾಳಿ ಮಾಡುವ ರೋಗವಿದು. ಸಾಮಾನ್ಯವಾಗಿ ಎರಡೂ ಕೈಗಳ ಬೆರಳುಗಳ ಗೆಣ್ಣು, ಮಣಿಕಟ್ಟು, ಪಾದದ ಬೆರಳುಗಳಲ್ಲಿ ತೊಡಗುತ್ತದೆ. ಬೆಳಿಗ್ಗೆ ಎದ್ದಾಗ ಕೈ ಮುಷ್ಟಿ ಹಿಡಿಯಲಾಗದ ಬಿಗಿತ ಒಂದು ಗಂಟೆಯನ್ನೂ ಮೀರುತ್ತದೆ. ಮೂವತ್ತು, ನಲವತ್ತರಲ್ಲೇ ಬರಬಹುದು. ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ನಡೆದು 1993ರಲ್ಲಿ ಪ್ರಕಟವಾದ ಸಮೀಕ್ಷೆಯೊಂದು ವಯಸ್ಕರಲ್ಲಿ ನೂರಕ್ಕೆ 0.75ರಷ್ಟು ಮಂದಿಗೆ ಈ ರೋಗವಿದೆಯೆಂದು ಕಂಡಿತು. ಆ ಲೆಕ್ಕವನ್ನು ನಮ್ಮ ಕಡೆಗೂ ಹಿಡಿದರೆ ಸಾವಿರ ವಯಸ್ಕರಿರುವ ಧರ್ಮಕೇಂದ್ರದಲ್ಲಿ ಏಳೆಂಟು ಮಂದಿ ಇರಬಹುದು. ಅವರು ನಮ್ಮ ಪಕ್ಕದ ಪೀಠದಲ್ಲೇ ಕುಳಿತಿದ್ದಾರೆ.

ದಣಿವಿನ ಮಾತಿಗೆ ಬರೋಣ. ಕೀಲಿನಲ್ಲಿ ಉರಿಯೂತ ಎದ್ದಾಗ ದೇಹ ಸೈಟೊಕೈನ್ ಎಂಬ ಸಂದೇಶವಾಹಕ ದ್ರವ್ಯಗಳನ್ನು ಹೆಚ್ಚಾಗಿ ಹರಿಯಬಿಡುತ್ತದೆ. ಇವು ಕೀಲಿನಲ್ಲೇ ನಿಲ್ಲದೆ ಮಿದುಳಿಗೂ ಸುದ್ದಿ ಮುಟ್ಟಿಸುತ್ತವೆ. ವಿಷಮಜ್ವರ ಬಂದಾಗ ಹಾಸಿಗೆಯಿಂದ ಏಳಲಾರದ ಸ್ಥಿತಿ ನಮಗೆಲ್ಲ ಗೊತ್ತು. ಆ ಸ್ಥಿತಿಯನ್ನು ತರುವ ದ್ರವ್ಯಗಳ ಕುಟುಂಬವೇ ಇದು. ವ್ಯತ್ಯಾಸವೆಂದರೆ ಜ್ವರ ವಾರದಲ್ಲಿ ಇಳಿಯುತ್ತದೆ, ಇದು ಇಳಿಯುವುದಿಲ್ಲ. ಇದರ ಮೇಲೆ ನೋವಿನಿಂದ ಕೆಡುವ ನಿದ್ರೆ, ರಕ್ತಹೀನತೆ, ಮನಸ್ಸಿನ ಕುಗ್ಗು, ಅಲುಗಾಡದೆ ಕುಳಿತು ಸೊರಗುವ ಸ್ನಾಯುಗಳು ಒಂದೊಂದಾಗಿ ಸೇರಿಕೊಳ್ಳುತ್ತವೆ. ಹೀಗಾಗಿ ಇದು ವಿಶ್ರಾಂತಿಯಿಂದ ತೀರುವ ದಣಿವಲ್ಲ. ಗದ್ದೆ ಕೆಲಸ ಮುಗಿಸಿ ಬಂದವನ ದಣಿವಿಗೂ ಇದಕ್ಕೂ ಹೆಸರೊಂದೇ, ಮತ್ತೇನೂ ಸಮಾನವಿಲ್ಲ. ನಮ್ಮ ಭಾಷೆಯಲ್ಲಿ ಇದಕ್ಕೆ ಬೇರೆ ಪದವಿಲ್ಲದಿರುವುದೂ ರೋಗಿಯ ದುರ್ದೈವ. "ಆಯಾಸವಾಗುತ್ತದೆ" ಎಂದರೆ ಕೇಳುವವರು "ನಮಗೂ ಆಗುತ್ತದೆ" ಎಂದು ಬಿಡುತ್ತಾರೆ.

ನೈತಿಕ ಪ್ರಶ್ನೆ ಹುಟ್ಟುವುದು ಇಲ್ಲಿಯೇ. ಗಾಯವನ್ನು ನಾವು ಕಣ್ಣಾರೆ ಕಾಣುತ್ತೇವೆ, ಜ್ವರವನ್ನು ಅಳೆಯುತ್ತೇವೆ, ಮುರಿದ ಮೂಳೆಯನ್ನು ಕ್ಷಕಿರಣದಲ್ಲಿ ನೋಡುತ್ತೇವೆ. ದಣಿವಿಗೆ ಮಾತ್ರ ರೋಗಿಯ ಮಾತನ್ನು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಆ ಮಾತನ್ನು ನಂಬುವುದು ನಮ್ಮ ಸೌಜನ್ಯಕ್ಕೆ ಬಿಟ್ಟ ವಿಷಯವೇ, ಅಥವಾ ನಾವು ನೆರೆಯವರಿಗೆ ಸಲ್ಲಿಸಬೇಕಾದ ಋಣವೇ?

ಕೈ ಕೆಸರಾದರೆ ಬಾಯಿ ಮೊಸರು ಎಂದು ಕೇಳುತ್ತ ಬೆಳೆದವರು ನಾವು. ದುಡಿಮೆಯನ್ನು ಗೌರವಿಸುವ ಈ ಮಾತಿನಲ್ಲಿ ತಪ್ಪೇನೂ ಇಲ್ಲ. ಕಾರವಾರ, ಅಂಕೋಲೆಗಳ ಕರಾವಳಿಯಲ್ಲಿ ನಸುಕಿಗೇ ಎದ್ದು ದಕ್ಕೆಗೆ ನಡೆಯುವ ಹೆಂಗಸರನ್ನು ಕಂಡವರಿಗೆ ಅದರ ಅರ್ಥವನ್ನು ವಿವರಿಸಬೇಕಾಗಿಯೂ ಇಲ್ಲ. ಆದರೆ ಗಾದೆಯನ್ನು ತಿರುಗಿಸಿ ಓದಿದಾಗ ಅದು ಕ್ರೂರವಾಗುತ್ತದೆ: ಕೈ ಕೆಸರಾಗದವಳಿಗೆ ಮೊಸರಿನ ಹಕ್ಕಿಲ್ಲ, ಮೆಲ್ಲಗೆ ಮರ್ಯಾದೆಯ ಹಕ್ಕೂ ಇಲ್ಲ. ಮನೆಯಲ್ಲಿ ಯಾರೂ ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಸೊಸೆ ಪಾತ್ರೆಯನ್ನು ತುಸು ಜೋರಾಗಿ ಇಡುತ್ತಾಳೆ, ಗಂಡ "ನಿನ್ನೆ ಮದುವೆಗೆ ಹೋಗಲು ಆಯಿತಲ್ಲ" ಎನ್ನುತ್ತಾನೆ. ನಿನ್ನೆ ಆದದ್ದು ಇಂದು ಆಗದಿರುವುದೇ ಈ ರೋಗದ ಸ್ವಭಾವ. ನೋಡುವವರಿಗೆ ಮಾತ್ರ ಅದೇ ಕಪಟದ ಗುರುತಾಗಿ ಕಾಣುತ್ತದೆ.

ಆ ತಾಯಿ ಕೇಳಿದಂತೆ, ಇದು ಆಲಸ್ಯವೆಂಬ ಪಾಪವೇ? ಗುರುಮಠದಲ್ಲಿ ನಾವು ಏಳು ಮೂಲಪಾಪಗಳನ್ನು ಓದಿದಾಗ ಆಲಸ್ಯವೆಂದು ಅನುವಾದವಾಗುತ್ತಿದ್ದ ಪದ ಅಕೇದಿಯ. ನಾಲ್ಕನೆಯ ಶತಮಾನದ ಈಜಿಪ್ಟಿನ ಮರುಭೂಮಿಯ ಸನ್ಯಾಸಿಗಳು, ಅವರಲ್ಲೂ ಎವಾಗ್ರಿಯುಸ್, ಇದರ ಬಗ್ಗೆ ಬರೆದರು. ಸಂತ ತೋಮಸ್ ಅಕ್ವಿನಾಸ್ ಅದನ್ನು ಆತ್ಮಿಕ ಒಳಿತಿನ ಎದುರು ಮನಸ್ಸು ತಾಳುವ ದುಃಖ ಎಂದು ವಿವರಿಸಿದರು. ಅಂದರೆ ಒಳ್ಳೆಯದನ್ನು ಕಂಡು ಹಿಂಜರಿಯುವ ಇಚ್ಛೆಯ ದೋಷವದು. ಮಾಡಬೇಕೆಂಬ ಹಂಬಲವಿದ್ದೂ ದೇಹ ಏಳದಿರುವುದಕ್ಕೂ ಅದಕ್ಕೂ ಸಂಬಂಧವೇ ಇಲ್ಲ. ಅದೇ ಅಕ್ವಿನಾಸ್, ದುಃಖ ತಗ್ಗಿಸುವ ಉಪಾಯಗಳನ್ನು ಹೇಳುತ್ತ ನಿದ್ರೆಯನ್ನೂ ಸ್ನಾನವನ್ನೂ ಸೇರಿಸಿದ್ದು ಓದಿದಾಗ ನಮ್ಮ ತರಗತಿಯಲ್ಲಿ ನಗು ಎದ್ದಿತ್ತು. ಈಗ ನನಗೆ ನಗು ಬರುವುದಿಲ್ಲ. ದೇಹವನ್ನು ಅಷ್ಟು ಗಂಭೀರವಾಗಿ ಪರಿಗಣಿಸಿದ ದೈವಶಾಸ್ತ್ರಜ್ಞನ ಶಿಷ್ಯರಾದ ನಾವು, ಎಲ್ಲವನ್ನೂ ಮನೋಬಲಕ್ಕೆ ಒಪ್ಪಿಸುವ ಪ್ರಬೋಧನೆಗಳನ್ನು ಹೇಗೆ ಕಲಿತೆವೋ ತಿಳಿಯದು.

ನಂಬದಿರುವ ದೋಷ ಮನೆಗಳಲ್ಲಿ ಮಾತ್ರ ಇತ್ತೆಂದು ಹೇಳಿದರೆ ಅನ್ಯಾಯವಾದೀತು. ವೈದ್ಯಶಾಸ್ತ್ರವೂ ಬಹುಕಾಲ ಹೀಗೆಯೇ ನಡೆದುಕೊಂಡಿತು. ಈ ರೋಗದ ಔಷಧಿಗಳನ್ನು ಪರೀಕ್ಷಿಸುವಾಗ ಏನೇನನ್ನು ಅಳೆಯಬೇಕು ಎಂದು ಅಮೆರಿಕದ ಸಂಧಿರೋಗ ವೈದ್ಯರ ಸಂಸ್ಥೆ 1993ರಲ್ಲಿ ಏಳು ಅಂಶಗಳ ಪಟ್ಟಿಯನ್ನು ಗೊತ್ತುಮಾಡಿತು. ಬಾವು ಬಂದ ಕೀಲುಗಳ ಸಂಖ್ಯೆ, ರಕ್ತದಲ್ಲಿನ ಉರಿಯೂತದ ಮಟ್ಟ, ನೋವು, ದಿನನಿತ್ಯದ ಕೆಲಸ ಮಾಡುವ ಸಾಮರ್ಥ್ಯ ಇವೆಲ್ಲ ಅದರಲ್ಲಿದ್ದವು. ದಣಿವು ಇರಲಿಲ್ಲ. 2002ರಲ್ಲಿ ಆಸ್ಟ್ರೇಲಿಯದಲ್ಲಿ ಸೇರಿದ ಒಮೆರ್ಯಾಕ್ಟ್ ಎಂಬ ಅಂತರರಾಷ್ಟ್ರೀಯ ತಜ್ಞರ ಸಮಾವೇಶಕ್ಕೆ ಮೊದಲ ಬಾರಿಗೆ ರೋಗಿಗಳನ್ನೇ ಸದಸ್ಯರಾಗಿ ಕರೆದರು. ಅವರು ಮೇಜಿನ ಮುಂದೆ ಕುಳಿತು ಹೇಳಿದ್ದು: ನೀವು ಕೀಲುಗಳನ್ನು ಎಣಿಸುತ್ತಿದ್ದೀರಿ, ನಮ್ಮ ಬದುಕನ್ನು ಹಿಂಡುತ್ತಿರುವುದು ಆಯಾಸ, ಅದನ್ನು ನೀವು ಕೇಳುವುದೇ ಇಲ್ಲ. 2007ರ ಹೊತ್ತಿಗೆ ದಣಿವನ್ನೂ ಅಳೆಯಬೇಕೆಂಬ ಒಮ್ಮತ ಪ್ರಕಟವಾಯಿತು. ಲಕ್ಷಾಂತರ ಮಂದಿ ದಶಕಗಳಿಂದ ಹೇಳುತ್ತ ಬಂದದ್ದು ಶಾಸ್ತ್ರದ ಕಿವಿಗೆ ಬೀಳಲು ಅವರಿಗೆ ಒಂದು ಕುರ್ಚಿ ಬೇಕಾಯಿತು. ನಮ್ಮ ಪಾಲನಾ ಸಭೆಗಳಲ್ಲಿ ಅಂಥ ಎಷ್ಟು ಕುರ್ಚಿಗಳಿವೆ ಎಂದು ನಾನು ಕೆಲವೊಮ್ಮೆ ಯೋಚಿಸುತ್ತೇನೆ.

ಇಲ್ಲೊಂದು ಎಚ್ಚರಿಕೆಯ ಮಾತು. ಇಂಥ ರೋಗಿಗಳಿಗೆ ಧೈರ್ಯ ತುಂಬಲು ನಾವು ಮಹಾವ್ಯಕ್ತಿಗಳ ಉದಾಹರಣೆ ಕೊಡುತ್ತೇವೆ. ಸೊಟ್ಟಗಾದ ಬೆರಳುಗಳ ನಡುವೆ ಕುಂಚ ಸಿಕ್ಕಿಸಿಕೊಂಡು ಕೊನೆಯವರೆಗೂ ಚಿತ್ರ ಬರೆದ ಫ್ರಾನ್ಸಿನ ರೆನ್ವಾರ್. ಇಪ್ಪತ್ತನಾಲ್ಕರ ಹರೆಯದಲ್ಲೇ ಈ ರೋಗ ತಗಲಿದ್ದರೂ 1964ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪಡೆದ ಇಂಗ್ಲೆಂಡಿನ ಡೊರೊಥಿ ಹಾಡ್ಜ್‌ಕಿನ್. ನಾನೂ ಹೇಳಿದ್ದೇನೆ. ಆದರೆ ರೆನ್ವಾರ್‌ಗೆ ಕುಂಚವನ್ನು ಕೈಗಿಡಲು ಮನೆಯವರಿದ್ದರು. ಹಾಡ್ಜ್‌ಕಿನ್‌ಗೆ ಪ್ರಯೋಗಾಲಯದಲ್ಲಿ ಜೊತೆಗಾರರಿದ್ದರು. 1967ರಲ್ಲಿ ಜಗತ್ತಿನ ಮೊದಲ ಮಾನವ ಹೃದಯ ಕಸಿ ಮಾಡಿದ ಕ್ರಿಸ್ಟಿಯಾನ್ ಬರ್ನಾರ್ಡ್ ಇದೇ ರೋಗ ಕೈಗಳನ್ನು ಹಿಡಿದದ್ದರಿಂದ 1983ರಲ್ಲಿ ಶಸ್ತ್ರಚಿಕಿತ್ಸೆಯನ್ನೇ ಬಿಟ್ಟರು. ಅವರ ಮನೋಬಲಕ್ಕೆ ಕೊರತೆಯಿತ್ತೆಂದು ಯಾರೂ ಹೇಳಲಾರರು. ಯಾರದೋ ಸಾಧನೆಯ ಕಥೆ ದಣಿದವಳ ಬೆನ್ನ ಮೇಲೆ ಚಾವಟಿಯಾಗಿ ಬೀಳುವ ಮುನ್ನ, ಆ ಸಾಧಕರ ಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದವರು ಯಾರು ಎಂದು ಕೇಳುವುದು ಒಳ್ಳೆಯದು.

ಚಿಕಿತ್ಸೆಯ ವಿಷಯದಲ್ಲಿ ನಮ್ಮ ಕುಟುಂಬಗಳು ಎರಡು ತಪ್ಪುಗಳ ನಡುವೆ ತೂಗುತ್ತವೆ. ಒಂದು, ಔಷಧಿ ಕುಡಿಯುವುದು ವಿಶ್ವಾಸದ ಕೊರತೆ ಎಂಬ ಭಾವನೆ. ಇದನ್ನು ಧರ್ಮಸಭೆ ಎಂದೂ ಬೋಧಿಸಿಲ್ಲ, ಹೆಚ್ಚು ಹೇಳುವ ಅಗತ್ಯವಿಲ್ಲ. ಇನ್ನೊಂದು, ಒಂದೇ ರಾತ್ರಿಯಲ್ಲಿ ಗುಣವಾಗುವ ಆಸೆ. ಇದರ ಹಿಂದೆ ಒಂದು ನಿಜವಾದ ಕಥೆಯೇ ಇದೆ. ಅಮೆರಿಕದ ಮೇಯೊ ಕ್ಲಿನಿಕ್‌ನ ವೈದ್ಯ ಫಿಲಿಪ್ ಹೆಂಚ್, ಕಾಮಾಲೆ ಬಂದಾಗ ತನ್ನ ಸಂಧಿವಾತ ಮಾಯವಾಯಿತು ಎಂದು 1929ರಲ್ಲಿ ಒಬ್ಬ ರೋಗಿ ಹೇಳಿದ ಮಾತನ್ನು ತಳ್ಳಿಹಾಕಲಿಲ್ಲ. ಆ ಒಂದು ಮಾತಿನ ಬೆನ್ನುಹತ್ತಿ ಹೋದವರು ಹತ್ತೊಂಬತ್ತು ವರ್ಷಗಳ ನಂತರ, 1948ರ ಸೆಪ್ಟೆಂಬರ್‌ನಲ್ಲಿ, ಹಾಸಿಗೆ ಹಿಡಿದಿದ್ದ 29 ವರ್ಷದ ಮಹಿಳೆಯೊಬ್ಬರಿಗೆ ಕಾರ್ಟಿಸೋನ್ ಚುಚ್ಚಿದರು. ಕೆಲವೇ ದಿನಗಳಲ್ಲಿ ಆಕೆ ಎದ್ದು ನಡೆದರು. 1950ರಲ್ಲಿ ನೊಬೆಲ್ ಬಂತು. ಆದರೆ ಅಷ್ಟರಲ್ಲೇ ಆ ಪವಾಡದ ಬೆಲೆಯೂ ತಿಳಿಯತೊಡಗಿತ್ತು: ಊದುವ ಮುಖ, ಟೊಳ್ಳಾಗುವ ಮೂಳೆ, ಏರುವ ಸಕ್ಕರೆ, ಸುಲಭವಾಗಿ ಅಂಟುವ ಸೋಂಕು. ಈ ಜಾತಿಯ ಔಷಧಿಗಳೇ ಸ್ಟೀರಾಯ್ಡ್‌ಗಳು. ವೈದ್ಯರ ಕೈಯಲ್ಲಿ, ಅಲ್ಪಕಾಲಕ್ಕೆ, ಅವು ಇಂದಿಗೂ ಉಪಕಾರಿ. ಭಯ ಹುಟ್ಟಿಸುವುದು ಹೆಸರಿಲ್ಲದ ಪೊಟ್ಟಣಗಳಲ್ಲಿ ಸಿಗುವ ಪುಡಿ ಮತ್ತು ಗುಳಿಗೆಗಳು. ಮೂರೇ ದಿನಕ್ಕೆ ಕೈಕಾಲು ಹಗುರಾಗಿ ಹಸಿವು ಹೆಚ್ಚಿ ಮುಖ ದುಂಡಗಾದರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿದೆಯೇ ಎಂದು ಶಂಕಿಸಲೇಬೇಕು. ಬಹುದಿನ ನುಂಗಿದ ಮೇಲೆ ಥಟ್ಟನೆ ನಿಲ್ಲಿಸುವುದೂ ಅಪಾಯ. ಅದನ್ನು ವೈದ್ಯರ ಬಳಿ ಒಪ್ಪಿಕೊಂಡು ಕ್ರಮವಾಗಿ ಇಳಿಸಬೇಕು.

ಇಂದು ಈ ರೋಗಕ್ಕೆ ಬುನಾದಿಯಾಗಿರುವ ಔಷಧಿ ಮೆಥೋಟ್ರೆಕ್ಸೇಟ್. ಇದರ ಮೂಲದಲ್ಲಿ ನಮ್ಮ ಭೀಮಾವರಂನಲ್ಲಿ 1895ರಲ್ಲಿ ಹುಟ್ಟಿದ ಯೆಲ್ಲಾಪ್ರಗಡ ಸುಬ್ಬರಾವ್ ಅವರ ತಂಡದ ದುಡಿಮೆಯಿದೆ. ಕ್ಯಾನ್ಸರಿಗೆಂದು ಬಂದ ಇದನ್ನು ಬಹಳ ಕಡಿಮೆ ಪ್ರಮಾಣದಲ್ಲಿ ಸಂಧಿವಾತಕ್ಕೆ ಕೊಡಲು ಅಮೆರಿಕದಲ್ಲಿ 1988ರಲ್ಲಿ ಅನುಮತಿ ದೊರೆಯಿತು. ಒಂದು ಮಾತನ್ನು ದಪ್ಪ ಅಕ್ಷರಗಳಲ್ಲಿ ಬರೆದಿಟ್ಟುಕೊಳ್ಳಿ: ಇದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ದಿನವೂ ನುಂಗಿ ಪ್ರಾಣ ಕಳೆದುಕೊಂಡವರಿದ್ದಾರೆ. ಜೊತೆಗೆ ಫೋಲಿಕ್ ಆಮ್ಲದ ಗುಳಿಗೆ, ಕಾಲಕಾಲಕ್ಕೆ ರಕ್ತ ಹಾಗೂ ಯಕೃತ್ತಿನ ಪರೀಕ್ಷೆ. ಗರ್ಭಿಣಿಯರಿಗೆ, ಗರ್ಭ ಬಯಸುವವರಿಗೆ ಇದು ಸಲ್ಲದು. ಫಲ ಕಾಣಲು ಆರರಿಂದ ಹನ್ನೆರಡು ವಾರ ಬೇಕು. ಕೀಲುಗಳ ಹಾನಿ ಮೊದಲ ತಿಂಗಳುಗಳಲ್ಲೇ ತೊಡಗುವುದರಿಂದ ಚಿಕಿತ್ಸೆ ಎಷ್ಟು ಬೇಗ ಆರಂಭವಾದರೆ ಅಷ್ಟು ಒಳ್ಳೆಯದು. ಒಂದೂವರೆ ವರ್ಷ ನಂಬದೆ ಕಳೆದ ನಮ್ಮ ಉದಾಸೀನಕ್ಕೆ ಆ ತಾಯಿ ಬಲಗೈಯ ಎರಡು ಬೆರಳುಗಳನ್ನು ತೆತ್ತರು. ಅವು ಇನ್ನು ನೇರವಾಗುವುದಿಲ್ಲ.

ನಮ್ಮ ಜಿಲ್ಲೆಯ ಕಷ್ಟ ಬೇರೆಯೇ. ವಿಶೇಷ ತಜ್ಞರನ್ನು ಕಾಣಲು ಇಲ್ಲಿನವರು ಬಹುಮಟ್ಟಿಗೆ ಗೋವೆಯ ಬಾಂಬೋಳಿಗೋ, ಹುಬ್ಬಳ್ಳಿಗೋ, ಮಣಿಪಾಲ, ಮಂಗಳೂರಿಗೋ ಹೋಗುತ್ತಾರೆ. ಜಿಲ್ಲೆಗೆ ಸುಸಜ್ಜಿತ ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು 2022ರಲ್ಲಿ ಯುವಜನರು ಎಬ್ಬಿಸಿದ ಕೂಗು ನೆನಪಿರಬಹುದು. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಮುಚ್ಚಿತು. ಆಗಸ್ಟ್ 7ರ ನಡುರಾತ್ರಿ ಕಾಳಿ ನದಿಯ ಹಳೆಯ ಸೇತುವೆ ಬಿತ್ತು. ಪ್ರಾಣ ಕಳೆದುಕೊಂಡವರ ದುಃಖದ ಮುಂದೆ ಇದು ಸಣ್ಣದು, ಆದರೂ ಹೇಳುತ್ತೇನೆ: ಆ ವಾರಗಳಲ್ಲಿ ತಪಾಸಣೆಯ ದಿನ ತಪ್ಪಿದ, ಔಷಧಿ ಮುಗಿದ ರೋಗಿಗಳನ್ನು ನಾನು ಬಲ್ಲೆ. ಆರೋಗ್ಯವಂತನಿಗೆ ನೂರು ಕಿಲೋಮೀಟರ್ ಬಸ್ ಪ್ರಯಾಣ ಒಂದು ದಿನದ ಕೆಲಸ. ಈ ರೋಗಿಗೆ ಅದು ಹೋದ ದಿನವನ್ನಲ್ಲದೆ ಮುಂದಿನ ಮೂರು ದಿನಗಳನ್ನೂ ನುಂಗುತ್ತದೆ.

ಔಷಧಿಯಿಂದ ಕೀಲು ತಣ್ಣಗಾದರೆ ದಣಿವೂ ಹೋಗುತ್ತದೆಯೇ? ಸ್ವಲ್ಪ ಇಳಿಯುತ್ತದೆ; ಎಲ್ಲರಲ್ಲೂ, ಪೂರ್ತಿಯಾಗಿ ಹೋಗುವುದಿಲ್ಲ. ಹೊಸದಾಗಿ ಬಂದಿರುವ ದುಬಾರಿ ಜೈವಿಕ ಔಷಧಿಗಳಿಂದಲೂ ದಣಿವಿನಲ್ಲಿ ಕಂಡ ಇಳಿತ ಸಾಧಾರಣ ಮಟ್ಟದ್ದೇ. ರಕ್ತಪರೀಕ್ಷೆಯ ಅಂಕಿ ಸರಿಯಾಗಿದೆ, ಬಾವು ಇಳಿದಿದೆ, ಆದರೂ ಆಕೆ ಮಧ್ಯಾಹ್ನಕ್ಕೆ ಮಲಗುತ್ತಾಳೆ. ಆಗ ಮನೆಯವರ ಸಂಶಯ ಇಮ್ಮಡಿಯಾಗುತ್ತದೆ. ಈ ಉಳಿದ ದಣಿವಿಗೆ ಪ್ರಯೋಜನಕ್ಕೆ ಬಂದಿರುವುದು ಎರಡು ಸಂಗತಿಗಳು. ಒಂದು, ಆಯಾ ವ್ಯಕ್ತಿಯ ಶಕ್ತಿಗೆ ತಕ್ಕಂತೆ ಗೊತ್ತುಮಾಡಿದ, ಮೆಲ್ಲಮೆಲ್ಲನೆ ಏರಿಸುವ ನಡಿಗೆ ಮತ್ತು ವ್ಯಾಯಾಮ. ದಣಿದವರಿಗೆ ನಡೆಯಿರಿ ಎನ್ನುವುದು ವಿಚಿತ್ರವೆನಿಸಿದರೂ ಸತ್ಯ. ಇನ್ನೊಂದು, ದಿನದ ಕೆಲಸವನ್ನು ಹಂಚಿಕೊಳ್ಳುವುದು, ಆರಾಮವಿದ್ದ ದಿನ ಎಲ್ಲವನ್ನೂ ಮುಗಿಸಿ ಮರುದಿನ ಕುಸಿಯುವ ಚಕ್ರವನ್ನು ಮುರಿಯುವುದು, ನಿದ್ರೆ ಮತ್ತು ಚಿಂತೆಗಳ ಬಗ್ಗೆ ಮಾತಾಡುವುದು. ಇವೆರಡನ್ನೂ ಬ್ರಿಟನ್ನಿನಲ್ಲಿ ದೂರವಾಣಿಯ ಮೂಲಕವೇ ನೀಡಿ ನೋಡಿದ, 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ವರ್ಷ ಕಳೆದ ಮೇಲೂ ದಣಿವು ತಗ್ಗಿರುವುದು ಕಂಡುಬಂತು. ಗೋವೆಗೆ ಬಸ್ ಹತ್ತಬೇಕಾದ ನಮ್ಮ ಕಡೆಯವರಿಗೆ ಇದು ಆಸೆ ಹುಟ್ಟಿಸುವ ಸುದ್ದಿ. ರಕ್ತಹೀನತೆ ಇದೆಯೇ, ಥೈರಾಯ್ಡ್ ಹೇಗಿದೆ, ಮನಸ್ಸು ಕುಗ್ಗಿದೆಯೇ ಎಂದು ವೈದ್ಯರಲ್ಲಿ ಕೇಳುವುದೂ ಅಗತ್ಯ. ಕೇಳದೆ ಅವರು ಹೇಳಲಾರರು. ನಾವು "ಕೀಲು ಹೇಗಿದೆ" ಎಂಬುದಕ್ಕೆ ಮಾತ್ರ ಉತ್ತರಿಸಿ ಎದ್ದು ಬರುತ್ತೇವೆ.

ಒಂದು ಆಕ್ಷೇಪವನ್ನು ನಾನು ಬಲ್ಲೆ. ಹೇಳಿದ್ದನ್ನೆಲ್ಲ ನಂಬಿದರೆ ಕೆಲಸಗಳ್ಳರಿಗೆ ಬಾಗಿಲು ತೆರೆದಂತಾಗದೇ? ಆಗಬಹುದು. ನೆಪ ಹೇಳುವವರು ಎಲ್ಲೆಡೆ ಇದ್ದಾರೆ. ಆದರೆ ಎರಡು ತಪ್ಪುಗಳನ್ನು ತೂಗಿ ನೋಡಿ. ನೆಪ ಹೇಳಿದವನನ್ನು ನಂಬಿದರೆ ನಮಗೆ ಒಂದು ಬೆಳಗಿನ ಕೆಲಸ ನಷ್ಟ. ನಿಜ ಹೇಳಿದವಳನ್ನು ನಂಬದಿದ್ದರೆ ಆಕೆಗೆ ಬೆರಳುಗಳು ನಷ್ಟ, ಅದಕ್ಕಿಂತ ಮಿಗಿಲಾಗಿ ತನ್ನ ಅನುಭವವನ್ನು ತಾನೇ ನಂಬುವ ಶಕ್ತಿ ನಷ್ಟ. ಇವೆರಡೂ ಸಮವೆಂದು ನನ್ನ ಮನಸ್ಸಾಕ್ಷಿ ಒಪ್ಪುವುದಿಲ್ಲ. ಹಾಗೆಂದು ನಂಬಿಕೆ ಅಗ್ಗವೂ ಅಲ್ಲ. ಆಕೆ ಬಿಟ್ಟ ಕೆಲಸ ಗಾಳಿಯಲ್ಲಿ ಕರಗುವುದಿಲ್ಲ. ಅದು ಮಗಳ ಮೇಲೆ, ಗಂಡನ ಮೇಲೆ, ವಯಸ್ಸಾದ ಅತ್ತೆಯ ಮೇಲೆ ಬೀಳುತ್ತದೆ. ಆರೈಕೆ ಮಾಡುವವರೂ ದಣಿಯುತ್ತಾರೆ, ಅವರ ಸಿಡುಕೆಲ್ಲ ಹೃದಯದ ಕಾಠಿಣ್ಯವಲ್ಲ. ಅವರನ್ನೂ ನಂಬಬೇಕು. ನೆರೆಹೊರೆಯ ಪಾಲು ಇರುವುದು ಇಲ್ಲಿ: ವಾರಕ್ಕೊಂದು ದಿನ ಆ ಮನೆಗೆ ಒಂದು ಪಾತ್ರೆ ಸಾರು ಕಳುಹಿಸಲು ಬೋಧನೆ ಬೇಕಿಲ್ಲ.

ಪವಿತ್ರ ಗ್ರಂಥದಲ್ಲಿ ದಣಿದವನೊಬ್ಬನ ಕಥೆಯಿದೆ. ಪ್ರವಾದಿ ಎಲೀಯ ಅಡವಿಯ ಪೊದೆಯ ನೆರಳಿನಲ್ಲಿ ಸಾಕಾಯಿತೆಂದು ಮಲಗಿಬಿಡುತ್ತಾನೆ. ದೇವದೂತ ಬಂದು ಅವನನ್ನು ವಿಚಾರಿಸುವುದಿಲ್ಲ, ಗದರಿಸುವುದಿಲ್ಲ, ಹಿಂದೆ ಮಾಡಿದ ಸಾಹಸಗಳನ್ನು ನೆನಪಿಸುವುದೂ ಇಲ್ಲ. ರೊಟ್ಟಿ, ನೀರು ಇಡುತ್ತಾನೆ. ಎಲೀಯ ತಿಂದು ಮತ್ತೆ ಮಲಗುತ್ತಾನೆ. ದೂತ ಎರಡನೆಯ ಬಾರಿ ಬಂದಾಗಲೂ ಮೊದಲು ಊಟ ಇಟ್ಟು, ದಾರಿ ನಿನ್ನ ಶಕ್ತಿಗೆ ಮೀರಿದ್ದು ಎಂದು ಅವನ ಪರವಾಗಿಯೇ ಒಪ್ಪಿಕೊಳ್ಳುತ್ತಾನೆ. ಈ ಭಾಗವನ್ನು ನಾನು ಎಷ್ಟೋ ಬಾರಿ ಬಲಿಪೂಜೆಯಲ್ಲಿ ಓದಿದ್ದೆ. ಆ ತಾಯಿ ಜಗಲಿಯಿಂದ ಎದ್ದು ಹೋದ ದಿನ ನನಗದು ನೆನಪಾಗಲಿಲ್ಲ.

ಮೊನ್ನೆ ಆ ಧರ್ಮಕೇಂದ್ರದ ಹಬ್ಬಕ್ಕೆ ಹೋಗಿದ್ದೆ. ಶುಚಿತ್ವದ ಸರದಿಯ ಪಟ್ಟಿಯಲ್ಲಿ ಅವರ ಹೆಸರು ಇನ್ನೂ ಇದೆ, ಮುಂಜಾನೆಯಿಂದ ಸಂಜೆ ನಾಲ್ಕು ಗಂಟೆಗೆ ಬದಲಾಗಿದೆ. ವೇದಿಕೆಯ ಬಟ್ಟೆಗಳನ್ನು ಮಡಚುವ ಕೆಲಸ ಅವರದು. ಗುಳಿಗೆ ನುಂಗಿದ ಮರುದಿನ ಯಾರೂ ಅವರನ್ನು ಕರೆಯುವುದಿಲ್ಲ ಎಂದು ಅಲ್ಲಿನ ಹೆಂಗಸರೇ ಗೊತ್ತುಮಾಡಿಕೊಂಡಿದ್ದಾರೆ. ಇವತ್ತು ಕೊಡದಲ್ಲಿ ಎಷ್ಟಿದೆ ಎಂದು ಕೇಳಿದೆ. "ಅರ್ಧಕ್ಕಿಂತ ತುಸು ಕಮ್ಮಿ, ಫಾದರ್" ಎಂದರು. ಮೆರವಣಿಗೆಗೆ ನಿಲ್ಲದೆ ಮನೆಗೆ ಹೊರಟರು. ಅವರ ಮಗ ಬಾಗಿಲಲ್ಲಿ ಸ್ಕೂಟರ್ ನಿಲ್ಲಿಸಿಕೊಂಡು ಕಾಯುತ್ತಿದ್ದ.